ಹೊಟ್ಟಿನ ಒಲೆಯ ಸೂಪು

ಎಂಬತ್ತರ ದಶಕದಲ್ಲಿ ನಾನು ತಳಿ ಎಂಬ ಊರಿನ ಆಸ್ಪತ್ರೆಯಲ್ಲಿ ನರ್ಸಾಗಿದ್ದೆ. ಬಾಡಿಗೆ ಕೋಣೆಯಲ್ಲಿ ನನ್ನ ಜೊತೆಗಿದ್ದ ಮೇರಿ ಟೈಫಾಯ್ಡಿನಿಂದ ಎದ್ದರೂ ಊಟ ಸೇರದೆ ಸೊರಗಿದ್ದಳು. ತನ್ನಮ್ಮ ಮಾಡುತ್ತಿದ್ದಂಥ ದನದ ಮಾಂಸದ ಸೂಪು ಬೇಕೆಂದಳು. ಮಾಡಿಯೇ ತೀರುತ್ತೇನೆಂದು ಹೊರಟೆ.

"ನನ್ನ ಅಡುಗೆಮನೇಲಿ ಅದು ಬ್ಯಾಡ ಕಣವ್ವ," ಎಂದರು ಮನೆಯೊಡತಿ ಮುನಿಯಮ್ಮ.

ಹಿತ್ತಲಲ್ಲೇ ಮರದ ಹೊಟ್ಟು ತುಂಬಿದ ಒಲೆ ಹೊತ್ತಿಸಿ, ಮಾಂಸ, ಕ್ಯಾರೆಟ್, ಬೀನ್ಸನ್ನು ನಿಧಾನವಾಗಿ ಬೇಯಲು ಇಟ್ಟೆ. ಅಷ್ಟರಲ್ಲಿ ಹೆರಿಗೆಯೊಂದಕ್ಕೆ ಆಸ್ಪತ್ರೆಯಿಂದ ಕರೆ ಬಂತು.

ಒಲೆ ಆರಿಹೋಗಿರುತ್ತದೆ ಎಂದುಕೊಂಡೇ ಸಂಜೆ ಓಡಿಬಂದೆ. ಮುನಿಯಮ್ಮ ಅದರ ಮುಂದೆ ಕೂತು ಉರಿ ನೋಡಿಕೊಳ್ಳುತ್ತಿದ್ದರು.

"ಪಾತ್ರೆ ಮುಟ್ಟಿಲ್ಲ. ಬೆಂಕಿಗೇನು ಮೈಲಿಗೆ?" ಎಂದರು.

ಮೇರಿ ಎರಡು ಲೋಟ ಕುಡಿದು, "ಎಷ್ಟು ಚೆನ್ನಾಗಿ ಮಾಡಿದ್ದೀಯೇ!" ಎಂದಳು.

ನಾನು ಬಾಯಿ ತೆರೆಯುವ ಮೊದಲೇ ಹಿತ್ತಲಿಂದ ದನಿ ಬಂತು: "ಬೇಯ್ಸಿದ್ದು ನಾನು ಕಣವ್ವ!"