ಹಳದಿಗೆ ಬಂದ ಗೆರೆ

ಕಲ್ಯಾಣಿ ಏಳನೆಯ ತರಗತಿಯವರೆಗೆ ಓದಿದವಳು. ಅಂಗನವಾಡಿಯವರು ಕೊಟ್ಟ ತಾಯಿ ಕಾರ್ಡಿನಲ್ಲಿ ಮಗ ಆನಂದನ ತೂಕದ ಗೆರೆಯನ್ನು ಪ್ರತಿ ತಿಂಗಳೂ ತಾನೇ ನೋಡುತ್ತಿದ್ದಳು. ಗೆರೆ ಬಲಕ್ಕೆ ಸಾಗುತ್ತಿತ್ತು. ಹಸಿರು ಪಟ್ಟಿ ದಾಟಿ ಹಳದಿಗೆ ಬಂದಿತ್ತು. ಜೋಳ ಮಾಗುವುದನ್ನು ಕಂಡ ಕಣ್ಣಿಗೆ ಅದು ಒಳ್ಳೆಯದಾಗಿಯೇ ಕಂಡಿತು.

ಅತ್ತೆ ಪಾರ್ವತೆಮ್ಮ ಮಾತ್ರ ಕೂಸನ್ನು ಎತ್ತಿಕೊಂಡಾಗಲೆಲ್ಲ ಗೊಣಗುತ್ತಿದ್ದಳು. "ಹತ್ತಿ ಎತ್ತಿದಂಗ ಆಗತದ. ದೇವದುರ್ಗದ ದವಾಖಾನ್ಯಾಗ ತೋರಸು."

"ನಿನಗ ಓದಾಕ ಬರಂಗಿಲ್ಲ, ಸುಮ್ಮನಿರು ಅತ್ತಿ," ಎಂದು ಕಲ್ಯಾಣಿ ಕಾರ್ಡನ್ನು ಅತ್ತೆಯ ಮುಂದೆ ಹಿಡಿಯುತ್ತಿದ್ದಳು. "ಗೆರಿ ಮುಂದ ಹೊಂಟದ ನೋಡು."

ದಸರೆ ಕಳೆದ ಮೇಲೆ ಮಾನ್ವಿಯಿಂದ ಹೊಸ ಅಂಗನವಾಡಿ ಟೀಚರ್ ಮೌನೇಶ್ವರಿ ಬಂದಳು. ಕಾರ್ಡು ನೋಡಿದವಳೇ ಕಲ್ಯಾಣಿಯನ್ನು ಪಕ್ಕಕ್ಕೆ ಕೂರಿಸಿಕೊಂಡಳು.

"ಅಡ್ಡಕ ಇರೋದು ತಿಂಗಳು, ಅಕ್ಕಾ. ಕೂಸು ಉಂಡರೂ ಉಪಾಸ ಇದ್ದರೂ ಗೆರಿ ಮುಂದ ಹೋಗತದ. ತೂಕ ಹೆಚ್ಚಾದ್ರ ಮ್ಯಾಲ ಏರತದ. ಇದು ಏರಿಲ್ಲ. ಹಳದಿ ಅಂದ್ರ ತೂಕ ಕಡಿಮಿ ಅಂತ."

ಕಲ್ಯಾಣಿ ಗೆರೆಯ ಮೇಲೆ ಬೆರಳು ಸರಿಸಿದಳು. ಯುಗಾದಿಯಿಂದ ಈಚೆಗೆ ಅದು ಹೊಲದ ಬದುವಿನಂತೆ ಮಟ್ಟಸವಾಗಿತ್ತು.

ಮನೆಗೆ ಬಂದಾಗ ಅತ್ತೆ ಕೇಳಿದಳು, "ಏನಂತದ ನಿನ್ನ ಗೆರಿ?"

"ತಿಂಗಳು ಬೆಳದಾವ ಅತ್ತಿ. ಕೂಸು ಬೆಳದಿಲ್ಲ."

ಬೈಗುಳ ಬಿದ್ದೀತೆಂದು ಕಲ್ಯಾಣಿ ತಲೆ ತಗ್ಗಿಸಿ ನಿಂತಳು. ಪಾರ್ವತೆಮ್ಮ ಬೈಯಲಿಲ್ಲ. ಕೂಸಿನ ಎರಡು ಅಂಗಿ ಮಡಚಿ ಚೀಲಕ್ಕೆ ಹಾಕಿದಳು.

"ನಡಿ, ದೇವದುರ್ಗದ ಬಸ್ಸು ಬರೋ ಹೊತ್ತಾತು," ಎಂದಳು. ಹೊಸ್ತಿಲು ದಾಟುವಾಗ ಮೆಲ್ಲಗೆ ಸೇರಿಸಿದಳು, "ಓದಿದಾಕಿ ಅಂತ ನಿನ್ನ ಮಾತು ಕೇಳಿದ್ನಿ ನಾ."