ಮಹಾದೇವಿಗೆ ಕೇಳಿಸಿದ ಮಾತು

ಮಕ್ಕಳೇ, ಸತ್ತವರು ಮಾತಾಡುತ್ತಾರೆ ಅನ್ನುವುದನ್ನು ನಾನು ಎಂದೂ ನಂಬಿದವಳಲ್ಲ. ನಿಮ್ಮ ಅಜ್ಜ ತೀರಿಕೊಂಡಾಗ ತ್ರ್ಯಂಬಕೇಶ್ವರದಲ್ಲಿ ಶಾಂತಿ ಮಾಡಿಸಿರಿ ಎಂದು ನೆರೆಯವರು ಹೇಳಿದರೂ ಹೋಗಲಿಲ್ಲ. ಆದರೆ ಕೆಲವು ವರ್ಷಗಳ ಹಿಂದೆ ಒಂದು ಮಧ್ಯಾಹ್ನ ನಡೆದದ್ದಕ್ಕೆ ನನ್ನಲ್ಲಿ ಇವತ್ತಿಗೂ ಉತ್ತರವಿಲ್ಲ.

ಆಗ ನಾನು ನಾಶಿಕದ ಮನೆಯಲ್ಲೇ ಕೂತು ಒಂದು ಸಂಸ್ಥೆಗಾಗಿ ಫೋನಿನ ಸೇವೆ ಮಾಡುತ್ತಿದ್ದೆ. ಮನೋರೋಗದಿಂದ ಒಂಟಿಯಾದವರ ಜೊತೆ ವಾರಕ್ಕೊಮ್ಮೆ ಮಾತಾಡುವುದು, ಅಷ್ಟೇ. ನಾಲ್ಕು ಜನರ ಮುಂದೆ ಬಾಯಿ ಬಿಡದ ನನಗೆ ಮುಖ ತೋರಿಸದೆ ಮಾಡುವ ಆ ಕೆಲಸ ಹಿಡಿಸಿತ್ತು. ನನ್ನ ಪಾಲಿಗೆ ಬಂದವಳು ಸಂಭಾಜಿನಗರದ ಮಹಾದೇವಿ, ಮೂಲ ನನ್ನ ಹಾಗೇ ಭಾಲ್ಕಿ ಕಡೆಯವಳು. ಅವಳ ಕಿವಿಯಲ್ಲಿ ಯಾರ್ಯಾರೋ ಬೈಯುತ್ತಿದ್ದರು. ಗುಳಿಗೆ ನುಂಗಿದರೆ ಕಡಿಮೆಯಾಗುತ್ತಿತ್ತು, ಪೂರ್ತಿ ಹೋಗುತ್ತಿರಲಿಲ್ಲ. ಮನೆಯಲ್ಲಿ ಮಗ, ಸೊಸೆ ಎಲ್ಲರದೂ ಮರಾಠಿ. ಕನ್ನಡ ಆಡಲು ಅವಳಿಗೆ ಇದ್ದವಳು ನಾನೊಬ್ಬಳೇ.

“ಅಕ್ಕಾ, ನಿಮ್ಮ ಫೋನ್ ಬಂದ್ರ ಕಿವ್ಯಾಗಿನ ಮಂದಿ ಬಾಯಿ ಮುಚ್ಚತಾರ. ನಿಮಗ ಅಂಜತಾರ ಕಾಣಸ್ತದ” ಎಂದು ನಗುತ್ತಿದ್ದಳು.

“ನನಗ ಬೆಕ್ಕೂ ಅಂಜೂದಿಲ್ಲವ್ವ” ಎನ್ನುತ್ತಿದ್ದೆ.

ಆ ಮಧ್ಯಾಹ್ನ ಅವಳು ನಗಲಿಲ್ಲ. “ಹೊಸಾವ ಒಬ್ಬಾತ ಬಂದಾನ್ರಿ ಅಕ್ಕಾ. ಬೈಯೂದಿಲ್ಲ. ಬಾಗಿಲದಾಗ ನಿಂತು ಒಂದೇ ಕೇಳ್ತಾನ, ಎಮ್ಮಿ ನೀರು ಕುಡೀತೇನು ಅಂತ. ನಮ್ಮನ್ಯಾಗ ಎಲ್ಲೀ ಎಮ್ಮಿ?”

ಇನ್ನೊಮ್ಮೆ ಹೇಳು ಎಂದೆ. ಅದೇ ಮಾತು ಹೇಳಿದಳು.

ಮದುವೆಯಾದ ಹೊಸದರಲ್ಲಿ ನಿಮ್ಮ ಅಜ್ಜ ಹಿರಿಯರ ಮುಂದೆ ನನ್ನ ಹೆಸರು ಹಿಡಿದು ಕರೆಯುವಂತಿರಲಿಲ್ಲ. ಅತ್ತೆ ಪಡಸಾಲೆಯಲ್ಲಿದ್ದರೆ ಬಾಗಿಲಲ್ಲಿ ನಿಂತು, ಗೋಡೆಗೆ ಕೇಳಿದ ಹಾಗೆ, “ಎಮ್ಮಿ ನೀರು ಕುಡೀತೇನು?” ಎನ್ನುತ್ತಿದ್ದರು. ನೀನು ಉಂಡೆಯಾ ಎಂದು ಅದರ ಅರ್ಥ. ನಾನು ಒಳಗಿನಿಂದ “ಕುಡೀತ್ರಿ” ಎನ್ನುತ್ತಿದ್ದೆ. ನಿಮ್ಮ ಅವ್ವ ಹುಟ್ಟಿದ ಮೇಲೆ ಅವಳ ಹೆಸರು ಹಿಡಿದು ನನ್ನನ್ನು ಕರೆಯತೊಡಗಿದರು, ಆ ಮಾತು ನಿಂತುಹೋಯಿತು. ಅದನ್ನು ನಾನು ಯಾರಿಗೂ ಹೇಳಿರಲಿಲ್ಲ, ಮಹಾದೇವಿಗಂತೂ ಇಲ್ಲವೇ ಇಲ್ಲ.

ಕಿವಿಯ ಮಾತು ನಿಜ ಅನ್ನಬಾರದು, ಸುಳ್ಳೂ ಅನ್ನಬಾರದು ಎಂದು ಸಂಸ್ಥೆಯವರು ಕಲಿಸಿದ್ದರು. ನನ್ನಿಂದ ಆಗಲಿಲ್ಲ. “ಮಹಾದೇವಿ, ಆತ ನನ್ನ ಗಂಡ. ಅದು ನಮ್ಮಿಬ್ಬರ ಮಾತು” ಎಂದೆ.

ಸ್ಪೀಕರಿನಲ್ಲಿ ಅವಳ ಮಗ ಕೇಳಿಸಿಕೊಂಡ. ಕನ್ನಡ ಆಡದಿದ್ದರೂ ಅವನಿಗೆ ತಿಳಿಯುತ್ತಿತ್ತು. “ಮಾವಶಿ, ನಮ್ಮ ಮನೆಗೆ ಒಬ್ಬಳು ಹುಚ್ಚಿ ಸಾಕು, ಇನ್ನೊಬ್ಬಳು ಬೇಡ” ಎಂದು ಮರಾಠಿಯಲ್ಲಿ ಹೇಳಿ ಫೋನ್ ಕಸಿದುಕೊಂಡ. ಹಿಂದಿನಿಂದ ಮಹಾದೇವಿ ಕೂಗುತ್ತಿದ್ದಳು: “ಕೇಳಿದ್ಯಾ? ಸುಳ್ಳಾಡಿದೆನೇನು ನಾ? ಅಕ್ಕಗ ಆತನ ಗುರ್ತದ!” ಅವಳು ಅಷ್ಟು ಖುಷಿಯಾಗಿದ್ದನ್ನು ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ.

ಅವಳ ಗುಳಿಗೆ ಹೆಚ್ಚಾಯಿತಂತೆ. ನೀವು ರೋಗ ಬಲಪಡಿಸಿದಿರಿ ಎಂದು ಸಂಸ್ಥೆಯವರು ನನ್ನನ್ನು ಬಿಡಿಸಿದರು. ಆತ ಯಾರೋ ಗೊತ್ತಿಲ್ಲ ಎಂದು ಸುಳ್ಳು ಹೇಳಿದ್ದರೆ ಇಟ್ಟುಕೊಳ್ಳುತ್ತಿದ್ದರು. ಅವಳ ಮಾತು ನಂಬಿದವಳು ನಾನೊಬ್ಬಳೇ, ನನ್ನನ್ನೇ ಅವಳಿಂದ ದೂರ ಮಾಡಿದರು. ಅವಳಿಗೆ ಬೇರೆ ಕನ್ನಡದವರು ಸಿಕ್ಕರೋ ಇಲ್ಲವೋ, ಯಾರೂ ನನಗೆ ಹೇಳಲಿಲ್ಲ.

ಬಂದವರು ನಿಮ್ಮ ಅಜ್ಜನೇ ಆಗಿದ್ದರೆ, ನನ್ನ ಬಾಗಿಲು ಬಿಟ್ಟು ಅವಳ ಬಾಗಿಲಿಗೆ ಯಾಕೆ ಹೋದರು? ಒಂದೊಂದು ಸಲ, ನಮ್ಮ ಕಡೆಯ ಗಂಡಸರೆಲ್ಲ ಹಾಗೇ ಕೇಳುತ್ತಿದ್ದರೇನೋ, ಅವಳ ಗಂಡನೂ ಕೇಳಿದ್ದನೇನೋ ಅನಿಸುತ್ತದೆ. ಅವಳನ್ನೇ ಕೇಳೋಣವೆಂದರೆ, ಫೋನೆಲ್ಲ ಸಂಸ್ಥೆಯ ಮೂಲಕವೇ ಹೋಗುತ್ತಿತ್ತು. ಅವಳ ನಂಬರೇ ನನಗೆ ಗೊತ್ತಿಲ್ಲ.