ಬುಟ್ಟಿ ತುಂಬ ಬಿಳಿ ಸೇವಂತಿಗೆ

ಐರ್ಲೆಂಡಿನ ಕಾರ್ಕ್ ಊರಾಚೆ ನಮ್ಮ ಬಾಡಿಗೆ ಮನೆಯ ಹಿತ್ತಿಲ ಗೋಡೆಗೆ ಅಂಟಿಕೊಂಡೇ ಒಂದು ಹೂವಿನ ತೋಟ. ಜಪಾನಿನಿಂದ ಬಂದು ನೆಲೆಸಿದ ಹಿರಿಯರೊಬ್ಬರು ಪ್ರಾಯದಲ್ಲಿ ಅದನ್ನು ಕಟ್ಟಿದ್ದರು. ಈಗ ನಡೆಸುತ್ತಿದ್ದವರು ಇಲ್ಲೇ ಹುಟ್ಟಿದ ಅವರ ಮಗಳು. ಡಬ್ಲಿನ್‌ನಲ್ಲಿ ಓದುವ ಮೊಮ್ಮಗಳು ರಜೆಗೆ ಬಂದು ಕೈಜೋಡಿಸುತ್ತಿದ್ದಳು. ಅವರು ಬೆಳೆಯುತ್ತಿದ್ದುದು ಹೂದಾನಿಯಲ್ಲಿಡುವ ಹೂವು. ಅದಕ್ಕೆ ಬೆಲೆ ಬರುವುದೇ ಉದ್ದನೆಯ ಕಡ್ಡಿಯಿಂದ. ಇದನ್ನು ನಮ್ಮಮ್ಮನಿಗೆ ಹೇಳಿ ಒಪ್ಪಿಸುವುದು ಯಾರಪ್ಪನಿಂದಲೂ ಆಗದ ಕೆಲಸ.

ಮೈಸೂರಿನಿಂದ ನಾಲ್ಕು ದಿನ ಇದ್ದು ಹೋಗಲೆಂದು ಬಂದ ಅಮ್ಮ, ಕೊರೋನಾ ಬಂದು ವಿಮಾನಗಳು ನಿಂತು ನಮ್ಮಲ್ಲೇ ಉಳಿದಿದ್ದಳು. ಆ ವಸಂತದಲ್ಲಿ ಹೂವಿನ ಅಂಗಡಿಗಳೆಲ್ಲ ಮುಚ್ಚಿ, ತೋಟದ ಹೂವು ಗೊಬ್ಬರದ ಗುಂಡಿ ಸೇರುತ್ತಿತ್ತು. "ಅಯ್ಯೋ, ಲಕ್ಷ್ಮೀನ ತಿಪ್ಪೆಗೆ ಹಾಕ್ತಿದಾರಲ್ಲೇ!" ಎಂದು ಅಮ್ಮ ಹಲುಬಿದಳು. ಅವಳ ಮುಖ ನೋಡಿದ ಆ ಹಿರಿಯರು ದಿನಾ ಗೋಡೆಯ ಮೇಲಿಂದ ಒಂದು ಕಟ್ಟು ಕೊಡತೊಡಗಿದರು. ಅವರು ಬಾಗುತ್ತಿದ್ದರು, ಇವಳು ಕೈ ಮುಗಿಯುತ್ತಿದ್ದಳು. ಮಾತಿಲ್ಲ ಕತೆಯಿಲ್ಲ, ಸ್ನೇಹ ಮಾತ್ರ ಗಟ್ಟಿ. ಒಳಗೆ ಬಂದೊಡನೆ ಅಮ್ಮ ಹೂವನ್ನಷ್ಟೇ ಚಿವುಟಿ ದೇವರಿಗೇರಿಸುತ್ತಿದ್ದಳು. ಉಳಿದ ಕಡ್ಡಿಗಳು ಅವರ ಕಣ್ಣಿಗೆ ಬೀಳದಂತೆ ನಾನು ಚೀಲದಲ್ಲಿ ಕಟ್ಟಿ ಬಚ್ಚಿಡುತ್ತಿದ್ದೆ.

ಸೇವಂತಿಗೆ ಅರಳುವ ಹೊತ್ತಿಗೆ ಹಿರಿಯರು ತೀರಿಕೊಂಡರು. ಮೊಮ್ಮಗಳಿಗೆ ಪಾಸಿಟಿವ್ ಬಂದು ಅವಳು ಡಬ್ಲಿನ್ ಬಿಟ್ಟು ಹೊರಡುವಂತಿರಲಿಲ್ಲ. ಕೆಲಸದವರು ಎಂದೋ ಹೋಗಿದ್ದರು. ಹಿರಿಯರ ಮಗಳು, ಆ ತೋಟದಾಕೆ, ಗೋಡೆಯ ಬಳಿ ಬಂದು ಇಂಗ್ಲಿಷಿನಲ್ಲಿ ಕೇಳಿದರು: "ಆ ಬಿಳಿ ಸೇವಂತಿಗೆ ಪಾತಿ ಅಪ್ಪನಿಗೇ ಅಂತ ಇಟ್ಟಿದೀನಿ. ಬೆಳಿಗ್ಗೆ ಕೊಯ್ಯೋಕೆ ನಿಮ್ಮಮ್ಮ ಸ್ವಲ್ಪ ಕೈಜೋಡಿಸ್ತಾರಾ?"

ನನಗೆ ಮೀಟಿಂಗಿಗೆ ಹೊತ್ತಾಗುತ್ತಿತ್ತು. ಒಳಗೆ ಹೋಗಿ, ಬೆಳಿಗ್ಗೆ ಹೂ ಕೊಯ್ಯಬೇಕಂತೆ ಎಂದಷ್ಟೇ ಅಮ್ಮನಿಗೆ ಹೇಳಿ ಕೂತುಬಿಟ್ಟೆ.

ಮರುದಿನ ಎದ್ದು ಕಿಟಕಿಯಿಂದ ನೋಡುತ್ತೇನೆ! ಅಮ್ಮ ಎಲ್ಲರಿಗಿಂತ ಮೊದಲೇ ಎದ್ದು, ತಲೆಗೆ ನೀರು ಹಾಕಿಕೊಂಡು, ಮಡಿಯಲ್ಲಿ ಹೋಗಿ ಇಡೀ ಪಾತಿಯ ಹೂವನ್ನು ಚಿವುಟಿ ಬುಟ್ಟಿ ತುಂಬಿಸಿದ್ದಳು. ಪಾತಿಯಲ್ಲಿ ಬರೀ ಬೋಳು ಕಡ್ಡಿಗಳು. ಎದುರಿಗೆ ಕತ್ತರಿ, ಬಕೆಟ್ಟು ಹಿಡಿದುಕೊಂಡು ತೋಟದಾಕೆ ನಿಂತಿದ್ದರು.

ಓಡಿದೆ. "ಏನಮ್ಮಾ ಇದು! ಬುದ್ಧಿ ಬೇಡ್ವಾ ನಿಂಗೆ? ನನ್ನ ಮಾನ ಕಳೆದುಬಿಟ್ಯಲ್ಲ!"

"ದೇವರಿಗೆ ಕೀಳೋ ಹಾಗೇ ಕಿತ್ತೆ ಕಣೆ. ಒಂದು ಎಸಳೂ ಉದುರಿಲ್ಲ ನೋಡು," ಎಂದು ಬುಟ್ಟಿ ಮುಂದೆ ಮಾಡಿದಳು.

ನಾನು ನೋಡಲಿಲ್ಲ. ತೋಟದಾಕೆಯ ಕಡೆ ತಿರುಗಿ, "ಸಾರಿ, ಷಿ ಈಸ್ ಫ್ರಮ್ ಎ ವಿಲೇಜ್. ಷಿ ಡಸಂಟ್ ನೋ," ಎಂದೆ. ಯಾವ ವಿಲೇಜು? ಅಮ್ಮ ಹುಟ್ಟಿ ಬೆಳೆದದ್ದು ಮೈಸೂರಿನ ಅಗ್ರಹಾರದಲ್ಲಿ. ಹಳ್ಳಿ ಕಂಡಿದ್ದೇ ಬಸ್ಸಿನ ಕಿಟಕಿಯಿಂದ. ನಾಚಿಕೆಯಿಂದ ಪಾರಾಗಲು ಹೆತ್ತವಳನ್ನೇ ಮುಂದೆ ತಳ್ಳಿದ್ದೆ. ಥೂ, ನನ್ನ ಬಾಯಿಗಿಷ್ಟು!

ಆಕೆ ಕತ್ತರಿ ಕೆಳಗಿಟ್ಟರು. "ಹೂದಾನಿಗೆ ಉದ್ದದವು ಬೇಕಿತ್ತು, ಅದಕ್ಕೆ ಬೇರೇನಾದ್ರೂ ಇಡ್ತೀನಿ. ತೀರಿಹೋದವರ ಪೆಟ್ಟಿಗೆ ಮುಚ್ಚೋ ಮುಂಚೆ ನಮ್ಮಲ್ಲಿ ಹೂವನ್ನ ಕಡ್ಡಿಯಿಂದ ಬಿಡಿಸಿ ಅವರ ಸುತ್ತ ತುಂಬ್ತೀವಿ. ನಮ್ಮಮ್ಮನಿಗೂ ಹಾಗೇ ಮಾಡಿದ್ವಿ. ಮಗಳಿಲ್ಲದೆ ಒಬ್ಬಳೇ ಹೇಗೆ ಬಿಡಿಸೋದು ಅನ್ನೋ ಯೋಚನೆಯಿತ್ತು. ಗ್ರ್ಯಾಂಡ್, ಒಳ್ಳೇದೇ ಆಯ್ತು ಬಿಡಿ." ಆಮೇಲೆ ತಮ್ಮ ತಂದೆಯ ಹಾಗೆಯೇ ಅಮ್ಮನಿಗೆ ಬಾಗಿ, ಬುಟ್ಟಿಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡರು.

ಅವರು ಹೇಳಿದ್ದನ್ನೆಲ್ಲ ಅಮ್ಮನಿಗೆ ಕನ್ನಡದಲ್ಲಿ ಹೇಳಿದೆ. ನಾನು ಹೇಳಿದ್ದನ್ನು ಮಾತ್ರ ನುಂಗಿಕೊಂಡೆ. ಅಮ್ಮ "ಹೂಂ" ಅಂದಳು, ಅಷ್ಟೇ. ಬಚಾವಾದೆ ಅಂದುಕೊಂಡೆ.

ಸಂಸ್ಕಾರ ಮುಗಿದ ಮೇಲೆ ತೋಟದಾಕೆ ಖಾಲಿ ಬುಟ್ಟಿ ಹಿಡಿದು ಗೋಡೆಯ ಬಳಿ ಬಂದರು. ಅವರ ಕಣ್ಣು ಅಮ್ಮನನ್ನೇ ಹುಡುಕುತ್ತಿತ್ತು. "ಅಮ್ಮಾ, ಬಾ, ನಿನ್ನನ್ನೇ ಕೇಳ್ತಿದಾರೆ," ಎಂದು ಕರೆದೆ.

ಅಡುಗೆಮನೆಯಲ್ಲಿದ್ದ ಅಮ್ಮ ತಲೆ ಎತ್ತಲಿಲ್ಲ. "ನೀನೇ ಹೋಗಿ ಇಸ್ಕೋ. ವಿಲೇಜಿನವಳಿಗೆ ಏನು ಗೊತ್ತಾಗುತ್ತೆ," ಅಂದಳು.

ಬುಟ್ಟಿ ಇಸಿದುಕೊಳ್ಳಲು ನಾನೊಬ್ಬಳೇ ಹೋದೆ.